ಮುಳ್ಳಿನ ಸೀಮೆಯ ಪಂಚರ್ ಅಂಗಡಿಗಳಿಗೆ ಒಂದು ಬಹಿರಂಗ ಪತ್ರ

ಚಳ್ಳಕೆರೆ ಮತ್ತು ಮೊಳಕಾಲ್ಮೂರು ತಾಲ್ಲೂಕುಗಳ ಸೈಕಲ್ ಶಾಪ್ ಯಜಮಾನರಿಗೆ, ಪಂಚರ್ ಅಂಗಡಿಯ ಅಣ್ಣತಮ್ಮಂದಿರಿಗೆ,



ನಿಮ್ಮ ಮುಂದೆ ಒಂದು ಬೇಡಿಕೆ ಇಡಲು ಈ ಪತ್ರ. ಬೈಕು, ಕಾರುಗಳ ಟ್ಯೂಬ್‌ಲೆಸ್ ಟೈರಿಗೆ ರೋಪ್ ಹಾಕುವ ಕೆಲಸ ನಿಮ್ಮಲ್ಲಿ ದಿನವೂ ನಡೆಯುತ್ತದೆ. ಅದೇ ಅಂಗಡಿಗೆ ಗೇರ್ ಸೈಕಲ್ಲನ್ನೋ ಎಂಟಿಬಿ ಎಂಬ ಮೌಂಟನ್ ಬೈಕನ್ನೋ ತಳ್ಳಿಕೊಂಡು ಬಂದ ಹುಡುಗನಿಗೆ ಮಾತ್ರ ಅಜ್ಜನ ಕಾಲದ ಉಪಾಯವೇ ಗತಿ: ಟ್ಯೂಬು ಹೊರಗೆಳೆದು, ನೀರಿನಲ್ಲಿ ಮುಳುಗಿಸಿ ಗುಳ್ಳೆ ನೋಡಿ, ಉಜ್ಜಿ, ಸೊಲ್ಯೂಷನ್ ಹಚ್ಚಿ, ಪ್ಯಾಚ್ ಒತ್ತುವುದು. ಆ ಚಕ್ರವನ್ನೂ ಟ್ಯೂಬ್‌ಲೆಸ್ ಮಾಡಬಹುದು. ಅದಕ್ಕಾಗಿ ಬೆಂಗಳೂರಿನಿಂದ ದುಬಾರಿ ರಿಮ್ಮು, ದುಬಾರಿ ಟೈರು ತರಿಸಬೇಕಿಲ್ಲ. ಅಳತೆಯಲ್ಲಿ ಚಿಕ್ಕದಾದ ಒಂದು ಟ್ಯೂಬು, ಒಂದು ಸುರುಳಿ ಟೇಪು, ಒಂದಿಷ್ಟು ಲೇಟೆಕ್ಸ್ ಸೀಲೆಂಟು ಮತ್ತು ನಿಮ್ಮಲ್ಲಿ ಈಗಾಗಲೇ ಇರುವ ಕಂಪ್ರೆಸರ್ ಸಾಕು. ಈ ಕೆಲಸವನ್ನು ನೀವು ಕಲಿಯಬೇಕು, ಒಗ್ಗುವ ಚಕ್ರಕ್ಕೆ ಮಾಡಿಕೊಡಬೇಕು, ಒಗ್ಗದ ಚಕ್ರಕ್ಕೆ ಆಗುವುದಿಲ್ಲ ಎಂದು ನೇರವಾಗಿ ಹೇಳಬೇಕು ಎಂಬುದು ನನ್ನ ವಿನಂತಿ. ಏಕೆ ಎಂಬುದನ್ನು ವಿವರವಾಗಿ ಹೇಳುತ್ತೇನೆ. ನಿಮಗೆ ಬರಬಹುದಾದ ಅನುಮಾನಗಳನ್ನೂ ಒಂದೊಂದಾಗಿ ಎತ್ತಿಕೊಳ್ಳುತ್ತೇನೆ.

ಮೊದಲು ಮುಳ್ಳಿನ ವಿಚಾರ. ನಿಮ್ಮದು ಮಳೆ ಕಡಿಮೆ, ಮುಳ್ಳು ಹೆಚ್ಚು ಇರುವ ಸೀಮೆ. ಕಾಡುಗೊಲ್ಲರ ಕ್ಯಾತಪ್ಪನ ಜಾತ್ರೆಯಲ್ಲಿ ಬಾರೆ ಮುಳ್ಳಿನ ಗುಡಿಯನ್ನು ಬರಿಗಾಲಲ್ಲಿ ಏರುವ ಜನರಿರುವ ನೆಲಕ್ಕೆ ಮುಳ್ಳಿನ ಬಗ್ಗೆ ಹೊರಗಿನವರು ಪಾಠ ಹೇಳಬೇಕಿಲ್ಲ. ಆದರೂ ಸೈಕಲ್ ಟೈರಿನ ಲೆಕ್ಕದಲ್ಲಿ ಎರಡು ಮುಳ್ಳುಗಳನ್ನು ಬೇರೆಬೇರೆಯಾಗಿ ನೋಡುವುದು ಒಳ್ಳೆಯದು. ಒಂದು ಬಳ್ಳಾರಿ ಜಾಲಿ. ಇದರ ಮೂಲ ಅಮೆರಿಕ ಖಂಡ. 1877ರ ಹೊತ್ತಿಗೆ ಆಗಿನ ಮದ್ರಾಸ್ ಪ್ರಾಂತದ ಕಡಪ ಸೀಮೆಗೆ ಬೀಜವಾಗಿ ಬಂದು, ಅಲ್ಲಿಂದ ಬಯಲುಸೀಮೆಯನ್ನೆಲ್ಲ ಹಬ್ಬಿತು. ಇದರ ಮುಳ್ಳು ಎರಡು ಇಂಚಿನವರೆಗೂ ಬೆಳೆಯುತ್ತದೆ. ಕುರಿಹಟ್ಟಿಗೆ, ಹೊಲಕ್ಕೆ ಬೇಲಿ ಹಾಕಲು ಎಳೆದೊಯ್ಯುವಾಗ, ಸೌದೆಗೆಂದು ಟ್ರ್ಯಾಕ್ಟರಿನಲ್ಲಿ ಸಾಗಿಸುವಾಗ ದಾರಿಯುದ್ದಕ್ಕೂ ಉದುರುತ್ತದೆ. ಎರಡನೆಯದು ನೆಗ್ಗಿಲು. ನೆಲಕ್ಕೆ ಅಂಟಿಕೊಂಡು ಹಬ್ಬುವ ಗಿಡ, ಹಳದಿ ಹೂ. ಕಾಯಿ ಒಣಗಿದಾಗ ಐದು ಹೋಳಾಗುತ್ತದೆ. ಯಾವ ಹೋಳು ಹೇಗೆ ಬಿದ್ದರೂ ಒಂದು ಮೊನೆ ಮೇಲ್ಮುಖವಾಗಿಯೇ ಇರುತ್ತದೆ. ಜಾಲಿಯ ಮುಳ್ಳು ಒಂದೇ ತೂತು ಮಾಡಿದರೂ ಆಳಕ್ಕೆ ಇಳಿದು, ಮುರಿದು, ತುದಿಯನ್ನು ಟೈರಿನೊಳಗೆ ಉಳಿಸಿ ಹೋಗುತ್ತದೆ. ಮುಂಜಾನೆ ಪ್ಯಾಚ್ ಹಾಕಿಸಿಕೊಂಡು ಹೋದ ಗಿರಾಕಿ ಸಂಜೆ ಮತ್ತೆ ಬಂದು ನಿಮ್ಮ ಕೆಲಸ ಸರಿಯಿಲ್ಲವೆಂದು ದೂರುವುದು ಬಹಳ ಸಲ ಈ ಉಳಿದ ತುದಿಯಿಂದ. ನೆಗ್ಗಿಲು ಆಳಕ್ಕೆ ಇಳಿಯುವುದಿಲ್ಲ, ಆದರೆ ಒಂದು ಕಾಲುದಾರಿ ದಾಟುವಷ್ಟರಲ್ಲಿ ಹತ್ತಾರು ಕಡೆ ಚುಚ್ಚಿರುತ್ತದೆ. ಅಂಥ ಟ್ಯೂಬಿಗೆ ಪ್ಯಾಚ್ ಹಾಕುತ್ತ ಕೂರುವುದು ನಿಮಗೂ ನಷ್ಟ, ಗಿರಾಕಿಗೂ ನಷ್ಟ.

ಟ್ಯೂಬಿನ ದೌರ್ಬಲ್ಯ ಅದರ ರಚನೆಯಲ್ಲೇ ಇದೆ. ಅದು ಹಿಗ್ಗಿ ನಿಂತ ತೆಳು ರಬ್ಬರು. ಸೂಜಿ ಮೊನೆಯಷ್ಟು ತೂತಾದರೂ ಹಿಗ್ಗಿದ ರಬ್ಬರು ಆ ತೂತನ್ನು ಎಳೆದು ಅಗಲ ಮಾಡುತ್ತದೆ, ಗಾಳಿ ಟ್ಯೂಬಿಗೂ ಟೈರಿಗೂ ನಡುವೆ ದಾರಿ ಮಾಡಿಕೊಂಡು ಹೊರಟುಹೋಗುತ್ತದೆ. ಗಾಳಿ ಕಡಿಮೆ ಇದ್ದು ಚಕ್ರ ಕಲ್ಲಿಗೆ ಬಡಿದರೆ ಟ್ಯೂಬು ರಿಮ್ಮಿಗೂ ಕಲ್ಲಿಗೂ ಮಧ್ಯೆ ಸಿಕ್ಕಿ, ಹಾವು ಕಚ್ಚಿದ ಗುರುತಿನಂತೆ ಜೋಡಿ ತೂತು ಬೀಳುವುದೂ ನಿಮಗೆ ಗೊತ್ತು. ಟ್ಯೂಬನ್ನೇ ತೆಗೆದರೆ ಗಾಳಿ ಹಿಡಿಯುವ ಹೊಣೆ ಟೈರು ಮತ್ತು ರಿಮ್ಮಿನ ಮೇಲೆ ಬೀಳುತ್ತದೆ. ಟೈರಿನ ದಪ್ಪ ರಬ್ಬರು ಚುಚ್ಚಿದ ಜಾಗವನ್ನು ತಾನೇ ಬಿಗಿಯಾಗಿ ಹಿಡಿದುಕೊಳ್ಳುತ್ತದೆ. ಉಳಿದ ಸಂದಿನಿಂದ ಗಾಳಿ ನುಗ್ಗುವಾಗ ಒಳಗಿನ ಲೇಟೆಕ್ಸ್ ದ್ರವವೂ ಅದರ ಜೊತೆ ನುಗ್ಗಿ, ಅಲ್ಲೇ ಗಟ್ಟಿಯಾಗಿ ತೂತು ಮುಚ್ಚುತ್ತದೆ. ಮುಳ್ಳಿನ ತೂತು ಒಂದೆರಡು ಮಿಲಿಮೀಟರಿಗಿಂತ ದೊಡ್ಡದಿರುವುದು ಅಪರೂಪ. ಲೇಟೆಕ್ಸ್ ಸೀಲೆಂಟಿಗೆ ಅದು ಸುಲಭದ ಕೆಲಸ. ಸವಾರನಿಗೆ ಎಷ್ಟೋ ಸಲ ಪಂಚರ್ ಆದದ್ದೇ ತಿಳಿಯುವುದಿಲ್ಲ.

ಇದು ಪರೀಕ್ಷೆಗೆ ಒಳಗಾಗದ ಹೊಸ ಹುಚ್ಚಲ್ಲ. ಫ್ರಾನ್ಸಿನ ಮಾವಿಕ್ ಕಂಪನಿ 1999ರಲ್ಲಿ ಮಿಶೆಲಿನ್, ಹಚಿನ್ಸನ್ ಟೈರ್ ಕಂಪನಿಗಳ ಜೊತೆ ಸೇರಿ ಎಂಟಿಬಿಗೆಂದೇ ಟ್ಯೂಬ್‌ಲೆಸ್ ಚಕ್ರ ಹೊರತಂದಿತು. ಅದಕ್ಕೆ ವಿಶೇಷ ರಿಮ್ಮು, ವಿಶೇಷ ಟೈರು ಎರಡೂ ಬೇಕಿತ್ತು. ಬೆಲೆ ಸಾಮಾನ್ಯರ ಕೈಗೆ ಎಟುಕುವಂತಿರಲಿಲ್ಲ. ಒಂದೆರಡು ವರ್ಷದಲ್ಲೇ ಅಮೆರಿಕದ ಸ್ಟ್ಯಾನ್ ಕೋಜಿಯಾಟೆಕ್ ಎಂಬಾತ ಮಾಮೂಲಿ ರಿಮ್ಮಿಗೆ ರಬ್ಬರ್ ಪಟ್ಟಿ ಸುತ್ತಿ, ಲೇಟೆಕ್ಸ್ ದ್ರವ ಹಾಕಿ ಮಾಮೂಲಿ ಟೈರನ್ನೇ ಟ್ಯೂಬ್‌ಲೆಸ್ ಮಾಡುವ ದಾರಿ ತೋರಿಸಿದ. ಆ ರಬ್ಬರ್ ಪಟ್ಟಿಗೂ ಕಾಸು ಹೊಂದಿಸಲಾಗದವರು ಚಿಕ್ಕ ಟ್ಯೂಬನ್ನು ಸೀಳಿ ಅದನ್ನೇ ಪಟ್ಟಿ ಮಾಡಿಕೊಂಡರು. ನಾನು ನಿಮ್ಮನ್ನು ಕಲಿಯಿರಿ ಎನ್ನುತ್ತಿರುವುದು ಈ ಮೂರನೆಯ ವಿಧಾನವನ್ನು. ಅಮೆರಿಕದ ಒಣ ರಾಜ್ಯಗಳಲ್ಲಿ ಟ್ಯೂಬ್‌ಲೆಸ್ ಚಕ್ರವನ್ನು ಜನ ಬಲುಬೇಗ ಹಿಡಿದುಕೊಂಡದ್ದಕ್ಕೆ ಕಾರಣ ನಿಮ್ಮ ಹೊಲದ ಬದುವಿನಲ್ಲಿರುವ ಅದೇ ನೆಗ್ಗಿಲು. ಅಲ್ಲಿಯ ಜಾಲಿ ಇಲ್ಲಿಗೆ ಬಂದಂತೆ ಇಲ್ಲಿಯ ಕಡೆಯ ನೆಗ್ಗಿಲು ಅಲ್ಲಿಗೆ ಹೋಗಿ ಬೇರುಬಿಟ್ಟಿದೆ. ಐಡಾಹೊ ರಾಜ್ಯದ ಬಾಯ್ಸಿ ನಗರದಲ್ಲಿ ಈ ಗಿಡದ ಹೆಸರಿನಲ್ಲೇ ಸೈಕಲ್ ಹಬ್ಬ ನಡೆಸಿ, ಊರ ಜನ ಮೂಟೆಗಟ್ಟಲೆ ಕಿತ್ತು ತಂದದ್ದುಂಟು. ಅಲ್ಲಿ ಈ ಮುಳ್ಳಿಗೆ ಮದ್ದಾದದ್ದು ಇಲ್ಲಿಯೂ ಮದ್ದಾಗಬಲ್ಲದು.

ಇನ್ನು ಕೆಲಸದ ರೀತಿ. 26 ಇಂಚಿನ ಎಂಟಿಬಿ ಚಕ್ರಕ್ಕೆ 20 ಇಂಚಿನ ಮಕ್ಕಳ ಸೈಕಲ್ಲಿನ ಟ್ಯೂಬು ಬೇಕು; 29 ಇಂಚಿನದಾದರೆ 24ರದು. ವಾಲ್ವು ಬೈಕಿನದರಂತೆ ಪಿನ್ನು ಬಿಚ್ಚಬಹುದಾದದ್ದೇ ಇರಲಿ. ಹಳೆಯ ರಿಮ್ ಪಟ್ಟಿ ತೆಗೆದು ಒಳಭಾಗವನ್ನು ಚೆನ್ನಾಗಿ ಒರೆಸಿ, ಎದ್ದು ನಿಂತ ಸ್ಪೋಕ್ ತುದಿ ಇದ್ದರೆ ಅರದಿಂದ ತಿಕ್ಕಿ ಸಮ ಮಾಡಿ. ನಿಪ್ಪಲ್ ತೂತುಗಳ ಮೇಲೆ ಹರಿಯದ ಗಟ್ಟಿ ಟೇಪನ್ನು ಎಳೆದು ಎರಡು ಸುತ್ತು ಹಾಕಿ, ವಾಲ್ವಿಗೆ ಮಾತ್ರ ಜಾಗ ಬಿಡಿ. ಚಿಕ್ಕ ಟ್ಯೂಬನ್ನು ರಿಮ್ಮಿನ ಮೇಲೆ ಎಳೆದು ಕೂರಿಸಿ, ವಾಲ್ವಿನ ನಟ್ಟು ಬಿಗಿ ಮಾಡಿ. ಈಗ ಟ್ಯೂಬಿನ ಬೆನ್ನ ಮೇಲೆ ನಟ್ಟನಡುವೆ ಬ್ಲೇಡಿನಿಂದ ಸುತ್ತಲೂ ಸೀಳಿ, ಎರಡು ಅಂಚನ್ನೂ ರಿಮ್ಮಿನ ಎರಡು ಬದಿಗೆ ಮಡಚಿ ಹೊರಗೆ ಇಳಿಬಿಡಿ. ಒಳಗಿನ ಬಿಳಿ ಪುಡಿಯನ್ನು ಒದ್ದೆ ಬಟ್ಟೆಯಿಂದ ಒರೆಸುವುದನ್ನು ಮರೆಯಬೇಡಿ. ಪುಡಿ ಉಳಿದ ಕಡೆ ಸೀಲೆಂಟು ಹಿಡಿಯುವುದಿಲ್ಲ. ಆ ಮೇಲೆ ಟೈರು ಏರಿಸಿ. ಸಾಧ್ಯವಾದಷ್ಟೂ ಕೈಯಲ್ಲೇ ಏರಿಸಬೇಕು, ಲಿವರ್ ಹಾಕಿದರೆ ಸೀಳಿದ ರಬ್ಬರು ಹರಿಯುತ್ತದೆ.

ಅಂಚಿಗೆ ಸೋಪಿನ ನೀರು ಸವರಿ. ಇಲ್ಲಿ ಒಂದು ಎಚ್ಚರಿಕೆ ಹೇಳಲೇಬೇಕು. ಚಳ್ಳಕೆರೆ ಶೇಂಗಾ ಎಣ್ಣೆಗೆ ಹೆಸರಾದ ಊರು, ಎಣ್ಣೆ ಸುಲಭವಾಗಿ ಕೈಗೆ ಸಿಗುತ್ತದೆ; ಜಾರಲಿ ಎಂದು ಅದನ್ನು ಟೈರಿಗೆ ಹಚ್ಚಿದರೆ ರಬ್ಬರು ಉಬ್ಬಿ ಮೆತ್ತಗಾಗಿ ಹಾಳಾಗುತ್ತದೆ, ಲೇಟೆಕ್ಸ್ ಅಂಟುವುದೂ ಇಲ್ಲ. ಸೋಪಿನ ನೀರೊಂದೇ ಇರಲಿ. ವಾಲ್ವಿನ ಪಿನ್ನು ಬಿಚ್ಚಿ ಕಂಪ್ರೆಸರಿನ ಗಾಳಿಯನ್ನು ಒಮ್ಮೆಲೇ ಬಿಟ್ಟರೆ ಟೈರಿನ ಅಂಚು ಟಪ್ ಟಪ್ ಎಂದು ಎರಡೂ ಬದಿ ಕೂರುತ್ತದೆ. ಸದ್ದು ಕೇಳಿದ ಮೇಲೆ ಗಾಳಿ ಬಿಟ್ಟು, ಸಿರಿಂಜಿನಿಂದ ವಾಲ್ವಿನ ಮೂಲಕವೇ ಸುಮಾರು 100 ಮಿಲಿಲೀಟರ್ ಸೀಲೆಂಟು ಹಾಕಿ, ಪಿನ್ನು ಬಿಗಿದು ಮತ್ತೆ ಗಾಳಿ ಹೊಡೆಯಿರಿ. ಚಕ್ರವನ್ನು ತಿರುಗಿಸಿ, ಕುಲುಕಿ, ಪ್ರತಿ ಬದಿಯನ್ನೂ ಸ್ವಲ್ಪ ಹೊತ್ತು ಮಲಗಿಸಿಡಿ. ಮಾಮೂಲಿ ಟೈರಿನ ಪಕ್ಕೆಯಲ್ಲಿ ಕಣ್ಣಿಗೆ ಕಾಣದ ರಂಧ್ರಗಳಿರುತ್ತವೆ. ಮೊದಲ ದಿನ ಅಲ್ಲಲ್ಲಿ ಬೆವರಿದಂತೆ ಬಿಳಿ ಹನಿ ಬರುವುದು ಸಹಜ, ಅದು ತಾನೇ ನಿಲ್ಲುತ್ತದೆ. ಒಂದು ರಾತ್ರಿ ಗಾಳಿ ನಿಂತರೆ ಹೊರಗೆ ಚಾಚಿದ ರಬ್ಬರನ್ನು ಬ್ಲೇಡಿನಿಂದ ನೀಟಾಗಿ ಕತ್ತರಿಸಿ ಕೊಟ್ಟುಬಿಡಬಹುದು.

ಸೀಲೆಂಟು ಎಂದರೆ ಎಲ್ಲವೂ ಒಂದೇ ಅಲ್ಲ. ಬೈಕಿಗೆ ಹಾಕುವ ಗಂಜಿಯಂಥ ದ್ರವ ಗಟ್ಟಿಯಾಗುವುದಿಲ್ಲ, ಸೈಕಲ್ ಟೈರಿನ ಪಕ್ಕೆಯ ಸಣ್ಣ ರಂಧ್ರಗಳನ್ನೂ ಅಂಚಿನ ಸಂದನ್ನೂ ಅದು ಮುಚ್ಚಲಾರದು. ಲೇಟೆಕ್ಸ್ ಇರುವುದೇ ಬೇಕು. ನಮ್ಮ ರಾಜ್ಯದಲ್ಲೇ ಸುಳ್ಯ, ಪುತ್ತೂರಿನ ಕಡೆ ರಬ್ಬರ್ ತೋಟಗಳಿವೆ. ಅಮೋನಿಯಾ ಹಾಕಿ ಕೆಡದಂತೆ ಮಾಡಿದ ಲೇಟೆಕ್ಸ್ ಕ್ಯಾನುಗಳಲ್ಲಿ ಮಾರಾಟಕ್ಕಿರುತ್ತದೆ. ಅದಕ್ಕೆ ಸಮಪಾಲು ನೀರು, ಬೇಗ ಒಣಗದಿರಲೆಂದು ಸ್ವಲ್ಪ ಗ್ಲೈಕಾಲ್ ಬೆರೆಸಿ ಮನೆಯಲ್ಲೇ ಮಾಡಿಕೊಳ್ಳುವವರಿದ್ದಾರೆ. ಆದರೆ ಅಮೋನಿಯಾ ಹೆಚ್ಚಾದರೆ ಅಲಾಯ್ ರಿಮ್ಮನ್ನೂ ಹಿತ್ತಾಳೆ ವಾಲ್ವನ್ನೂ ತಿನ್ನುತ್ತದೆ, ರೇಡಿಯೇಟರಿಗೆ ಹಾಕುವ ಕೂಲೆಂಟ್ ಸಾಮಾನ್ಯವಾಗಿ ವಿಷದ ಗ್ಲೈಕಾಲ್ ಆಗಿರುತ್ತದೆ. ಮಕ್ಕಳು, ನಾಯಿಗಳು ಓಡಾಡುವ ಅಂಗಡಿಯಲ್ಲಿ ಅದನ್ನು ತೆರೆದಿಡಬಾರದು. ಆದ್ದರಿಂದ ಮೊದಲು ನಾಲ್ಕೈದು ಅಂಗಡಿಯವರು ಸೇರಿ ಸೈಕಲ್ಲಿಗೆಂದೇ ಮಾಡಿದ ಸೀಲೆಂಟಿನ ದೊಡ್ಡ ಡಬ್ಬಿ ತರಿಸಿ ಹಂಚಿಕೊಳ್ಳಿ, ಕೈ ಕುದುರಿದ ಮೇಲೆ ಬೆರಕೆಯ ವಿಚಾರ ನೋಡೋಣ ಎನ್ನುವುದು ನನ್ನ ಸಲಹೆ.

ಈಗ ಆಗುವುದಿಲ್ಲ ಎನ್ನಬೇಕಾದ ಚಕ್ರಗಳ ಮಾತು. ಈ ಪತ್ರದಲ್ಲಿ ನಾನು ಅತಿ ಹೆಚ್ಚು ಒತ್ತಿ ಹೇಳಬೇಕೆಂದಿರುವುದು ಇದನ್ನೇ. ಎರಡು ಪದರದ ಅಲಾಯ್ ರಿಮ್ಮು, ಟೈರಿನ ಅಂಚನ್ನು ಹಿಡಿಯುವಂತೆ ಒಳಕ್ಕೆ ಬಾಗಿದ ಕೊಕ್ಕೆಯಂಥ ತುಟಿ, ಪಕ್ಕೆಯಲ್ಲಿ ಬಿರುಕಿಲ್ಲದ ಅಗಲ ಟೈರು — ಈ ಮೂರೂ ಇದ್ದರೆ ಮಾತ್ರ ಕೈ ಹಾಕಿ. ರೇಂಜರ್ ಎಂದು ನಾವು ಕರೆಯುವ ಕಡಿಮೆ ಬೆಲೆಯ ಸೈಕಲ್ಲುಗಳಲ್ಲಿ ಎಷ್ಟೋ ನೋಡಲು ಎಂಟಿಬಿಯಂತಿದ್ದರೂ ರಿಮ್ಮು ಒಂದೇ ಪದರದ ಉಕ್ಕಿನದು. ಅದರ ತುಟಿ ನೇರವಾಗಿರುತ್ತದೆ, ಟೈರಿನ ಅಂಚು ಸಡಿಲ ಕೂರುತ್ತದೆ. ತಿರುವಿನಲ್ಲಿ ಟೈರು ಕಳಚಿ ಗಾಳಿ ಒಮ್ಮೆಲೇ ಹೋದರೆ ಹುಡುಗನ ಮುಖ ಡಾಂಬರಿಗೆ ಬಡಿಯುತ್ತದೆ. ಕರಿ ಸೈಕಲ್ಲಿನ 28 ಇಂಚಿನ ಚಕ್ರಕ್ಕಂತೂ ಇದು ಬೇಡವೇ ಬೇಡ. ಅದು ಹೆಚ್ಚು ಗಾಳಿಯಲ್ಲಿ ಭಾರ ಹೊರಲು ಮಾಡಿದ ಚಕ್ರ. ಅಳತೆಯಲ್ಲೂ ಮೋಸಹೋಗಬೇಡಿ. 26 ಇಂಚು ಎಂದು ಬರೆದ ಎಲ್ಲ ಟೈರೂ ಒಂದೇ ಅಲ್ಲ: ಎಂಟಿಬಿಯ 26ಕ್ಕೆ ಅಂಚಿನ ಅಳತೆ 559 ಮಿಲಿಮೀಟರ್, ಸಣಕಲು ಟೈರಿನ ಹಳೆ ಮಾದರಿಯ 26ಕ್ಕೆ 590. ಟೈರಿನ ಪಕ್ಕೆಯಲ್ಲಿ 54-559 ಎಂಬಂತೆ ಅಚ್ಚೊತ್ತಿರುವ ಸಂಖ್ಯೆಯನ್ನು ಓದಿಯೇ ಕೆಲಸ ಶುರುಮಾಡಿ.

ಹಾಗಾದರೆ ಶಾಲೆಯ ಮಕ್ಕಳ ಗತಿಯೇನು ಎಂದು ನೀವು ಕೇಳಬಹುದು. 2006-07ರಿಂದ ಸರ್ಕಾರ ಎಂಟನೇ ತರಗತಿಯ ಮಕ್ಕಳಿಗೆ ಕೊಟ್ಟ ಸೈಕಲ್ಲುಗಳು ನಿಮ್ಮ ಹಳ್ಳಿಗಳಲ್ಲಿ ಇನ್ನೂ ಓಡುತ್ತಿವೆ. ಅಕ್ಕನದು ತಂಗಿಗೆ, ಅಣ್ಣನದು ತಮ್ಮನಿಗೆ ಬಂದಿದೆ. ಅವುಗಳನ್ನು ಟ್ಯೂಬ್‌ಲೆಸ್ ಮಾಡಲು ಹೋಗಬೇಡಿ. ಸವೆದ ಹಳೆ ಟೈರಿನ ಎರಡೂ ಅಂಚಿನ ತಂತಿ ಕತ್ತರಿಸಿ ತೆಗೆದು, ಉಳಿದ ಪಟ್ಟಿಯ ಅಂಚನ್ನು ತೆಳ್ಳಗೆ ಕೆತ್ತಿ, ಟೈರಿಗೂ ಟ್ಯೂಬಿಗೂ ನಡುವೆ ಹಾಸುವುದು ನಿಮ್ಮಲ್ಲಿ ಹಿರಿಯರಿಗೆ ಗೊತ್ತಿರುವ ಕೆಲಸ. ನೆಗ್ಗಿಲನ್ನು ಅದು ತಡೆಯುತ್ತದೆ. ಎರಡಿಂಚಿನ ಜಾಲಿಯನ್ನು ತಡೆಯಲಾರದು ಎಂಬುದನ್ನೂ ಗಿರಾಕಿಗೆ ಹೇಳಿಬಿಡಿ. ಅಂಚು ಕೆತ್ತದೆ ಹಾಕಿದರೆ ಪಟ್ಟಿಯೇ ಟ್ಯೂಬನ್ನು ಉಜ್ಜಿ ತೂತು ಮಾಡುತ್ತದೆ. ಆ ಪುಟ್ಟ ಕೆಲಸಕ್ಕೆ ಸೋಮಾರಿತನ ಬೇಡ.

ನಮ್ಮ ಬಿಸಿಲಿಗೆ ಸೀಲೆಂಟು ಒಣಗಿಹೋಗುತ್ತದೆ ಎಂಬ ಆಕ್ಷೇಪ ನಿಜವಾದದ್ದು. ಡಬ್ಬಿಯ ಮೇಲೆ ಆರು ತಿಂಗಳೆಂದು ಬರೆದಿದ್ದರೂ ಒಣಹವೆಯ ಬೇಸಿಗೆಯಲ್ಲಿ ಅದರ ಅರ್ಧಕ್ಕೇ ಮುಗಿಯಬಹುದು. ಸೀಲೆಂಟು ಒಣಗಿದ ಟೈರು ಗಾಳಿಯನ್ನೇನೋ ಹಿಡಿದಿರುತ್ತದೆ, ಆದರೆ ಮುಂದಿನ ಮುಳ್ಳಿಗೆ ಕಾವಲಿರುವುದಿಲ್ಲ. ಆದ್ದರಿಂದ ಇದನ್ನು ಒಮ್ಮೆ ಮಾಡಿ ಮರೆಯುವ ಕೆಲಸವೆಂದು ಯಾರಿಗೂ ಮಾರಬೇಡಿ. ಫಾಲ್ಗುಣದಲ್ಲಿ ನಾಯಕನಹಟ್ಟಿ ತಿಪ್ಪೇಸ್ವಾಮಿಯ ತೇರು ಎಳೆಯುವ ಹೊತ್ತಿಗೆ ಒಮ್ಮೆ, ಶಾಲೆ ಶುರುವಾಗುವಾಗ ಒಮ್ಮೆ, ದಸರೆಯ ಆಯುಧಪೂಜೆಗೆ ಒಮ್ಮೆ, ಚಳಿಗಾಲದಲ್ಲಿ ಒಮ್ಮೆ ಪಿನ್ನು ಬಿಚ್ಚಿ 50-60 ಮಿಲಿಲೀಟರ್ ಸೇರಿಸಿದರೆ ವರ್ಷ ದಾಟುತ್ತದೆ. ಹಾಕಿದ ದಿನಾಂಕವನ್ನು ರಿಮ್ಮಿನ ಮೇಲೆ ಮಾರ್ಕರಿನಲ್ಲಿ ಬರೆದುಕೊಡಿ.

ಅಪಾಯದ ಮಾತನ್ನೂ ಹೇಳಬೇಕು. ಲಾರಿ ಟೈರಿಗೆ ಗಾಳಿ ಹೊಡೆಯುವ ಕಂಪ್ರೆಸರಿಗೆ ಸೈಕಲ್ ಟೈರು ಒಂದು ಕ್ಷಣದ ತುತ್ತು. ಬೆರಳಲ್ಲಿ ಒತ್ತಿ ನೋಡಿ ಗಾಳಿ ಅಂದಾಜಿಸುವ ಅಭ್ಯಾಸ ಈ ಕೆಲಸಕ್ಕೆ ಒಗ್ಗುವುದಿಲ್ಲ, ಗೇಜು ಬೇಕೇಬೇಕು. ಕೂರಿಸುವಾಗಲೂ 40 ಪಿಎಸ್‌ಐ ದಾಟಬಾರದು, ಟೈರಿನ ಮೇಲೆ ಅದಕ್ಕೂ ಕಡಿಮೆ ಬರೆದಿದ್ದರೆ ಅದೇ ಮಿತಿ. ಓಡಿಸಲು ಸಾಧಾರಣ ತೂಕದವರಿಗೆ ಮುಂದಿನ ಚಕ್ರಕ್ಕೆ 28, ಹಿಂದಿನದಕ್ಕೆ 30ರ ಆಸುಪಾಸು ಸಾಕು. ಮುಖವನ್ನು ಚಕ್ರದ ಮೇಲೆ ಬಾಗಿಸಬೇಡಿ, ಕಣ್ಣಿಗೆ ಕನ್ನಡಕ ಹಾಕಿ. ಟೈರು ಕಳಚಿದರೆ ಲೇಟೆಕ್ಸ್ ಸಿಡಿಯುವುದು ಮೊದಲು ಕಣ್ಣಿಗೆ. ಸೀಲೆಂಟಿಗೂ ಮೀರಿದ ದೊಡ್ಡ ತೂತಾದರೆ ರೋಪ್ ಹಾಕಬಹುದು, ಆದರೆ ಬೈಕಿನ ರೋಪು ಸೈಕಲ್ಲಿಗೆ ದಪ್ಪ. ಉದ್ದಕ್ಕೆ ಸೀಳಿ ತೆಳುವಾದ ಎಳೆ ಮಾಡಿ ಹಾಕಿ. ದೂರ ಹೋಗುವ ಗಿರಾಕಿ ಒಂದು ಒಳ್ಳೆಯ ಟ್ಯೂಬು, ಒಂದು ಪಂಪು ಜೊತೆಯಲ್ಲಿಟ್ಟುಕೊಳ್ಳುವಂತೆ ನೋಡಿಕೊಳ್ಳಿ. ಟೈರು ಪಕ್ಕೆಯಲ್ಲಿ ಹರಿದರೆ ಈ ವಿದ್ಯೆ ಯಾವುದೂ ನಡೆಯುವುದಿಲ್ಲ.

ಇನ್ನು ಹೊಟ್ಟೆಪಾಡಿನ ಪ್ರಶ್ನೆ. ಪಂಚರ್ ಆಗದ ಸೈಕಲ್ ಮಾಡಿಕೊಟ್ಟರೆ ಪಂಚರ್ ಅಂಗಡಿ ಬದುಕುವುದು ಹೇಗೆ? ಪ್ರಶ್ನೆ ನ್ಯಾಯವಾದದ್ದು. ಉತ್ತರ ನಿಮ್ಮ ಅಂಗಡಿಯ ಅನುಭವದಲ್ಲೇ ಇದೆ. ಬೈಕುಗಳು, ಕಾರುಗಳು ಟ್ಯೂಬ್‌ಲೆಸ್ ಆದಾಗ ನಿಮ್ಮ ಕಸುಬು ಮುಚ್ಚಲಿಲ್ಲ. ಕೆಲಸದ ಬಗೆ ಬದಲಾಯಿತು, ಕೂಲಿ ಏರಿತು. ಸೈಕಲ್ಲಿನ ಒಂದು ಪ್ಯಾಚಿಗೆ ಸಿಗುವ ಕಾಸು ಕಡಿಮೆ, ತಗಲುವ ಹೊತ್ತು ಹೆಚ್ಚು. ಎರಡು ಚಕ್ರ ಟ್ಯೂಬ್‌ಲೆಸ್ ಮಾಡುವುದು ಒಂದು ಪೂರ್ಣ ಕೆಲಸ, ಅದಕ್ಕೆ ತಕ್ಕ ಕೂಲಿ ಕೇಳಲು ಸಂಕೋಚ ಬೇಡ. ವರ್ಷಕ್ಕೆ ನಾಲ್ಕು ಸಲ ಸೀಲೆಂಟು ತುಂಬಿಸಲು ಅದೇ ಗಿರಾಕಿ ನಿಮ್ಮಲ್ಲಿಗೇ ಬರುತ್ತಾನೆ. ಇದಕ್ಕಿಂತ ದೊಡ್ಡ ಮಾತು ಇನ್ನೊಂದಿದೆ. ನಿಮ್ಮ ಆದಾಯವನ್ನು ತಿನ್ನುತ್ತಿರುವುದು ಮೂಲೆ ಸೇರಿದ ಸೈಕಲ್. ವಾರಕ್ಕೆರಡು ಸಲ ತಳ್ಳಿ ತಳ್ಳಿ ಬೇಸತ್ತ ಹುಡುಗ ಸೈಕಲ್ಲನ್ನು ಗೋಡೆಗೆ ಒರಗಿಸಿ ಬಸ್ ಹತ್ತುತ್ತಾನೆ, ಇಲ್ಲವೇ ಲೈಸೆನ್ಸಿಲ್ಲದ ವಯಸ್ಸಿನಲ್ಲಿ ಅಪ್ಪನ ಬೈಕು ಹಿಡಿಯುತ್ತಾನೆ. ಆ ಸೈಕಲ್ಲಿಗೆ ಪ್ಯಾಚು ಬೇಡ, ಬ್ರೇಕ್ ಶೂ ಬೇಡ, ಚೈನು ಬೇಡ, ಬಾಲ್ಸ್ ಗ್ರೀಸು ಯಾವುದೂ ಬೇಡ. ಓಡುವ ಸೈಕಲ್ಲಿದ್ದರೆ ಮಾತ್ರ ಸೈಕಲ್ ಶಾಪು.

ಟೈರು ಬದಲಿಸುವ ಬದಲು ಜಾಲಿಯನ್ನೇ ಕಡಿಸಬಾರದೇ ಎನ್ನುವವರಿದ್ದಾರೆ. ಕಡಿದರೆ ಬುಡದಿಂದ ಮತ್ತೆ ಚಿಗುರುತ್ತದೆ. ಅದರ ಸಿಹಿ ಕಾಯನ್ನು ಕುರಿ, ಮೇಕೆ ತಿಂದು ಬೀಜವನ್ನು ಹಿಕ್ಕೆಯ ಜೊತೆ ದಾರಿಯುದ್ದಕ್ಕೂ ಬಿತ್ತುತ್ತವೆ. ಕುರಿಯನ್ನೇ ನಂಬಿದ ಸೀಮೆಯಲ್ಲಿ, ಎಷ್ಟೋ ಮನೆಯ ಒಲೆಗೆ ಇದೇ ಸೌದೆಯಾಗಿರುವಾಗ, ಜಾಲಿ ಈ ತಲೆಮಾರಿನಲ್ಲಿ ಹೋಗುವ ಲಕ್ಷಣವಿಲ್ಲ. ಅದು ಇರುತ್ತದೆ ಎಂದುಕೊಂಡೇ ನಮ್ಮ ಚಕ್ರಗಳನ್ನು ಸಿದ್ಧ ಮಾಡಬೇಕು.

ಆದ್ದರಿಂದ ನನ್ನ ಕೋರಿಕೆ ಇಷ್ಟು. ಗಿರಾಕಿಯ ಸೈಕಲ್ಲಿಗೆ ಕೈ ಹಾಕುವ ಮುಂಚೆ ನಿಮ್ಮ ಮನೆಯ ಸೈಕಲ್ಲಿನ ಹಿಂದಿನ ಚಕ್ರ ಒಂದನ್ನು ಮಾಡಿ, ಒಂದು ತಿಂಗಳು ಹೊಲದ ದಾರಿಯಲ್ಲಿ ಓಡಿಸಿ ನೋಡಿ. ಒಪ್ಪಿಗೆಯಾದರೆ ಪಕ್ಕದ ಅಂಗಡಿಯವರಿಗೂ ಹೇಳಿಕೊಡಿ, ಗುಟ್ಟಾಗಿಡಬೇಡಿ. ಚಳ್ಳಕೆರೆ, ಮೊಳಕಾಲ್ಮೂರು ಪಟ್ಟಣಗಳಲ್ಲಷ್ಟೇ ಅಲ್ಲದೆ ನಾಯಕನಹಟ್ಟಿ, ತಳಕು, ಪರಶುರಾಂಪುರ, ರಾಂಪುರ, ದೇವಸಮುದ್ರಗಳಲ್ಲೂ ಈ ಕೆಲಸ ಬಲ್ಲ ಒಂದೊಂದು ಅಂಗಡಿಯಾದರೂ ಮುಂದಿನ ಬೇಸಿಗೆ ಬರುವುದರೊಳಗೆ ಸಿದ್ಧವಾಗಲಿ. ಬಾಗಿಲಿಗೆ ‘ಸೈಕಲ್ ಟ್ಯೂಬ್‌ಲೆಸ್ ಮಾಡಿಕೊಡಲಾಗುವುದು’ ಎಂದು ಒಂದು ಬೋರ್ಡು ಹಾಕಿ, ಅದರ ಕೆಳಗೇ ‘ಉಕ್ಕಿನ ರಿಮ್ಮಿಗೆ ಮಾಡುವುದಿಲ್ಲ’ ಎಂದೂ ಬರೆಯಿರಿ.

ಇಂತಿ ತಮ್ಮ ವಿಶ್ವಾಸಿ,
ಸೈಕಲ್ ಸವಾರರ ಪರವಾಗಿ ಒಬ್ಬ ಬರಹಗಾರ